ಗುಂಡಿ ಹೂವಿನ ದಾರಿ

ಅವನ ಕುಡುಗೋಲು ಅವಳ ಕೈಯಿಂದ ಒಂದು ಗೇಣು ದೂರದಲ್ಲಿ ನಿಂತಿತು.

"ಇದನ್ನ ಕೊಯ್ದ್ರೆ ನೋಡಿ ಮತ್ತೆ!"

ರಸ್ತೆ ಬದಿಯ ಹುಲ್ಲಿನಲ್ಲಿ ಕೂತು ನೇರಳೆ ಬಣ್ಣದ ಪುಟ್ಟ ಹೂವಿನ ಚಿತ್ರ ಬರೆಯುತ್ತಿದ್ದಳು ಡ್ರಾಯಿಂಗ್ ಟೀಚರ್. ಅಲ್ಲಿ ಹುಲ್ಲು ಕೊಯ್ಯುವುದೇ ಅವನ ಕೆಲಸ. ಮೂಗಿನ ತುದಿಯಲ್ಲೇ ಕೋಪವಿದ್ದ ಹುಡುಗಿಗೆ ಅವನು ಎದುರಾಡಲಿಲ್ಲ, ಸುತ್ತ ಕೊಯ್ದು ಅಷ್ಟು ಜಾಗ ಬಿಟ್ಟ.

ಆ ಬೇಸಿಗೆಯ ರಜೆಯೆಲ್ಲ ಇಬ್ಬರೂ ಅದೇ ದಾರಿಯಲ್ಲಿ ನಡೆದರು. ಹೂವುಗಳಿಗೆ ಅವನು ತಾನೇ ಹೆಸರಿಟ್ಟಿದ್ದ. ಅಂಗಿಯ ಗುಂಡಿಯಂತಿದ್ದ ಆ ನೇರಳೆಯದು ಗುಂಡಿ ಹೂವು, ಬೇಲಿಯ ಬಿಳಿಯದು ಬೆಕ್ಕಿನ ಮೀಸೆ. ಅವಳು ನಕ್ಕು ನಕ್ಕು ಬರೆದುಕೊಂಡಳು.

ರಜೆ ಮುಗಿದು ತನ್ನೂರಿಗೆ ಹೊರಡುವಾಗ ಅವಳು ಕೇಳಿದ್ದು ಒಂದೇ. ತಾನು ಬರುವವರೆಗೆ ಗುಂಡಿ ಹೂವಿನ ಜಾಗ ಜೋಪಾನ. ಅವನು ತಲೆಯಾಡಿಸಿದ್ದ.

ತಿಂಗಳೊಳಗೇ ಓಡಿ ಬಂದಳು, ಮನಸ್ಸಿನ ಮಾತು ಹೇಳಿಬಿಡಲು. ಬಸ್ಸಿನಿಂದ ಇಳಿದವಳು ಮೊದಲು ಅತ್ತಲೇ ನೋಡಿದಳು. ಆ ಜಾಗ ಬೋಳಾಗಿತ್ತು!

'ಅಂಗೈಯಗಲ ಹೂವು ಕಾಯದವನು ನನ್ನನ್ನೇನು ಕಾಯ್ತಾನೆ?'

ಅವನು ಕೂಗಿದರೂ ತಿರುಗದೆ ಅದೇ ಬಸ್ಸು ಹತ್ತಿದಳು.

ಎರಡು ವರ್ಷ... ಕೋಪ ಎಂದೋ ಆರಿತ್ತು, ಅವನು ಮಾತ್ರ ಮನಸ್ಸಿನಿಂದ ಇಳಿಯಲಿಲ್ಲ. ತರಗತಿಯಲ್ಲಿ ಯಾವ ಹೂವು ಬರೆದರೂ ನೇರಳೆ ಬಣ್ಣವೇ ಬಳಿಯುತ್ತಿದ್ದಳು. ಬಂದ ಸಂಬಂಧಗಳನ್ನೆಲ್ಲ ಬೇಡವೆಂದಾಗ ಅತ್ತಿಗೆ, ಆ ಹುಲ್ಲಿನವನನ್ನು ಒಮ್ಮೆ ನೋಡಿ ಬಾ, ಇಲ್ಲವಾದರೆ ಅವನನ್ನು ಮರೆ ಎಂದು ತಾನೇ ಬ್ಯಾಗು ತುಂಬಿ ಕಳಿಸಿದಳು.

ಇಳಿದರೆ, ದಾರಿಯುದ್ದಕ್ಕೂ ನೇರಳೆ! ಕಣ್ಣು ಹಾಯುವಷ್ಟು ದೂರ ಗುಂಡಿ ಹೂವು. ನಡುವೆ ಅವನು. ಸ್ವಲ್ಪ ಬಡವಾಗಿದ್ದ. ಅವಳಿಗೆ ಅಳು ಒತ್ತಿ ಬಂತು.

"ಅವತ್ತು ಯಾಕೆ ಕೊಯ್ದ್ರಿ?"

"ಕಾಯಿ ಒಡೆದು ಬೀಜ ಬಿದ್ದಿತ್ತು ಟೀಚರ್. ಒಣಹುಲ್ಲು ತೆಗೆದು ಬಿಸಿಲು ಬಿಡದಿದ್ರೆ ಮುಂದಿನ ವರ್ಷ ಹೂವೇ ಇರ್ತಿರ್ಲಿಲ್ಲ. ನೀವು ಬರ್ತೀರಲ್ಲ ಅಂತ ಕೊಯ್ದೆ."

ಅವಳು ತಲೆತಗ್ಗಿಸಿದಳು. ಅಷ್ಟು ಹೂವು ಬರೆದ ಕೈ ಒಂದು ಬೀಜವನ್ನೂ ಬರೆದಿರಲಿಲ್ಲ.

"ಎರಡು ವರ್ಷ ಬರಲಿಲ್ವಲ್ಲ... ಆದ್ರೂ ಕಾದ್ರಾ?"

"ಬಸ್ಸು ದಿನಾ ಬರುತ್ತಲ್ವಾ. ನೋಡ್ತಿದ್ದೆ."

ಅವಳು ಕಣ್ಣೊರೆಸಿಕೊಂಡು ಪುಸ್ತಕದ ಖಾಲಿ ಹಾಳೆ ತೆರೆದಳು.

"ಬೀಜ ತೋರಿಸಿ, ಬರ್ಕೋತೀನಿ."

"ಬೀಜ ಆಗೋಕೆ ಇನ್ನೂ ಒಂದು ತಿಂಗಳು ಬೇಕು."

"ಇರ್ತೀನಿ."

"ಆಮೇಲೆ?" ಅವನು ಕೇಳಿದ.

"ಆಮೇಲೆ ಹುಲ್ಲು ಕೊಯ್ಯೋದು ನಂಗೂ ಕಲಿಸಿ. ಮುಂದಿನ ವರ್ಷದ ಹೂವು ಇಬ್ರೂ ನೋಡ್ಬೇಕಲ್ಲ."