ಶುಕ್ರವಾರದ ಗಾಳೆಮ್ಮ

ಗಣಿ ಕಚೇರಿಯಿಂದ ಬಸ್ಸಿಳಿದು ಹೊಸಪೇಟೆಯ ಮನೆ ಮುಟ್ಟುವಷ್ಟರಲ್ಲಿ ಶೈಲಶ್ರೀಗೆ ಸಾಕೋ ಸಾಕಾಗಿರುತ್ತಿತ್ತು. ಸೀರೆಯ ಅಂಚಿಗೆ ಸಂಡೂರಿನ ಕೆಂಪು ಧೂಳು, ತಲೆಯಲ್ಲಿ ಲಾರಿಗಳ ಗದ್ದಲ. ಇಂಥ ಹೊತ್ತಿನಲ್ಲಿ ಪಡಸಾಲೆಯಲ್ಲಿ ಪರಗಂಡಸೊಬ್ಬ ಕೂತಿದ್ದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಆದರೆ ಈಚೆಗೆ ಶುಕ್ರವಾರ ಬಂತೆಂದರೆ ಅವಳು ಬಸ್ಸಿನಲ್ಲೇ ಮುಖ ಒರೆಸಿಕೊಳ್ಳುತ್ತಿದ್ದಳು. ಅದಕ್ಕೆ ತನ್ನ ಮೇಲೆ ತನಗೇ ಸಿಟ್ಟು.

ಬರುತ್ತಿದ್ದವನು ವೀರೇಶ್. ಕಂಪ್ಲಿಯಲ್ಲಿ ರೈಸ್ ಮಿಲ್ಲು ಇತ್ತು. ಹೆಂಡತಿ ತೀರಿಕೊಂಡ ಮೇಲೆ ಹಳೇ ಪದಕಗಳ ಹುಚ್ಚು ಹತ್ತಿತ್ತು. ರಾಜರು, ಚಕ್ರವರ್ತಿಗಳು ಯಾರ್ಯಾರದೋ ಎದೆಗೆ ಚುಚ್ಚಿದ ಬಂಗಾರದ, ಮೀನಾಕಾರಿಯ ಪದಕಗಳನ್ನು ಊರೂರು ಅಲೆದು ತಂದು ಕಪಾಟು ತುಂಬಿಸಿದ್ದ. ಶೈಲಶ್ರೀಯ ಮುತ್ತಜ್ಜನಿಗೆ ಬ್ರಿಟಿಷರು ಕೊಟ್ಟ ಪದಕ ಇರಬೇಕಲ್ಲ ಎಂದು ಕೇಳಿಕೊಂಡು ಬಂದಾಗ, ತಾಯಿ ಸುವರ್ಣಮ್ಮ ಅವನನ್ನು ನೇರ ದೇವರ ಜಗಲಿಯ ಮುಂದೆ ಕೂರಿಸಿದ್ದರು.

ಪದಕ ಅಲ್ಲೇ ಇತ್ತು. ಬಂಗಾರದ ಅಂಚಿನ ಕೆಂಪು ಗುಲಾಬಿ, ನಡುವೆ ವಿಕ್ಟೋರಿಯಾ ರಾಣಿಯ ಮುಖ, ಮುಖದ ತುಂಬ ಕುಂಕುಮ. ತಲೆಮಾರುಗಳಿಂದ ಆಕೆ ಈ ಮನೆಯ ದೇವಿ ಗಾಳೆಮ್ಮ.

"ದೇವರನ್ನ ಯಾರಾರ ಮಾರ್ತಾರೇನ್ರಿ?" ಎಂದಿದ್ದರು ಸುವರ್ಣಮ್ಮ. "ಆಕಿ ಈ ಮನಿ ಬಿಟ್ಟು ಹೋದ್ರ ಮದಿವ್ಯಾಗ ಮಗಳ ಉಡಿಯೊಳಗ ಹೋಗ್ತಾಳ. ಬ್ಯಾರೆ ದಾರಿ ಇಲ್ಲ."

ಆದರೂ ಅವನು ಪೂಜೆ ನೋಡುವ ನೆಪದಲ್ಲಿ ಬರತೊಡಗಿದ. ಸುವರ್ಣಮ್ಮ ಗಾಳೆಮ್ಮನನ್ನು ಹುಣಸೆಹಣ್ಣು ಹಚ್ಚಿ ಗಸಗಸ ತಿಕ್ಕುವಾಗ ಪಾಪ, ಮೀನಾಕಾರಿ ಎಲ್ಲಿ ಎದ್ದುಹೋಗುತ್ತದೋ ಎಂದು ಆ ಮನುಷ್ಯ ಮೊಣಕಾಲು ಗಟ್ಟಿಯಾಗಿ ಹಿಡಿದು ಕೂತಿರುತ್ತಿದ್ದ. ಶೈಲಶ್ರೀ ಚಹಾ ಕೊಡುತ್ತ ನಗು ತಡೆಯುತ್ತಿದ್ದಳು. ಅವನು ಕಣ್ಣೆತ್ತಿದರೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಅದು ರಾಣಿಯ ಮುಖವೆಂದು ಅವಳಿಗೆ ಶಾಲೆಯಲ್ಲಿದ್ದಾಗಲೇ ಗೊತ್ತಾಗಿತ್ತು. ಅವ್ವನಿಗೆ ಹೇಳುವ ಮನಸ್ಸಾಗಿರಲಿಲ್ಲ. ಅವಳನ್ನು ನೋಡಲು ಬಂದ ಗಂಡುಗಳು ಮನೆ ನೋಡಿದರು, ನೌಕರಿ ಕೇಳಿದರು, ಅವಳನ್ನು ನೋಡಲಿಲ್ಲ. ಅವಳು ಸೋತಿದ್ದಳು. ಇವನಾದರೂ ಯಾರಿಗಾಗಿ ಬರುತ್ತಾನೆ, ರಾಣಿಗೋ ತನಗೋ? ಕೇಳಲು ಬಾಯಿ ಬರುತ್ತಿರಲಿಲ್ಲ.

ಆ ಶುಕ್ರವಾರ ಸುವರ್ಣಮ್ಮ ಪೂಜೆಗೆ ಕೈ ಹಚ್ಚಲೇ ಇಲ್ಲ.

"ಪಕ್ಕದ್ಮನಿ ವಿರುಪಮ್ಮ ಅಂತಾಳ, ಈ ಮೂಗು ದೊರೆಸಾನಿ ಮೂಗಂತ. ನೀವು ತಿಳಿದೋರು, ಖರೇ ಹೇಳ್ರಿ. ದೊರೆಸಾನಿ ಆಗಿದ್ರ ನನ್ನ ಜಗಲಿ ಮ್ಯಾಲ ಆಕಿಗೇನು ಕೆಲಸ? ನೀವೇ ಒಯ್ದುಬಿಡ್ರಿ."

ಚಹಾ ತರುತ್ತಿದ್ದ ಶೈಲಶ್ರೀ ಬಾಗಿಲಲ್ಲೇ ನಿಂತಳು. ಒಂದು ಮಾತು ಸಾಕು, ಪದಕ ಅವನ ಜೇಬಿನಲ್ಲಿ. ಆಮೇಲೆ ಕಂಪ್ಲಿಯ ಬಸ್ಸು, ಅಷ್ಟೇ.

ವೀರೇಶ್ ಪದಕವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಜಗಲಿಯ ಮೇಲೆ ಇದ್ದಲ್ಲೇ ಇಟ್ಟ.

"ಗಾಳೆಮ್ಮನೇರಿ, ಅಮ್ಮಾರ. ಆದ್ರ ಹುಣಸಿಹಣ್ಣು ಹಚ್ಚಬ್ಯಾಡ್ರಿ. ಆಕಿಗೆ ಉರಿತೈತಿ. ಮೆತ್ತನ್ನ ಬಟ್ಟೀಲೆ ಒರಸ್ರಿ, ಸಾಕು."

ಸುವರ್ಣಮ್ಮ ಗಲ್ಲ ಗಲ್ಲ ಬಡಿದುಕೊಂಡು ದೇವಿಯ ಕ್ಷಮೆ ಕೇಳಿದರು.

ಬಾಗಿಲ ತನಕ ಕಳಿಸಲು ಬಂದ ಶೈಲಶ್ರೀ ಮೆಲ್ಲಗೆ ಹೇಳಿದಳು, "ಸುಳ್ಳು ಹೇಳಿದ್ರಿ."

"ಹೂಂ."

"ಯಾಕ?"

"ಖರೇ ಹೇಳಿದ್ರ ರಾಣಿ ನನ್ನ ಸಂಗಾಟ ಬರ್ತಿದ್ಲು. ನಿಮ್ಮನ್ನ ನೋಡಾಕ ಮತ್ಯಾವ ನೆಪ ಹೇಳ್ಲಿ?" ಅವನು ಚಪ್ಪಲಿ ಹುಡುಕುತ್ತ ತಲೆ ಬಗ್ಗಿಸಿದ. "ಊರೂರು ತಿರುಗಿ ಸಾಕಾಗೇತ್ರಿ. ಮಂದಿ ಎದಿಮ್ಯಾಲಿಂದೆಲ್ಲ ತಂದಿಟ್ಟೀನಿ. ಮನಿಗೆ ಹೋದ್ರ ಉಂಡ್ಯಾ ಅನ್ನೋರಿಲ್ಲ."

ಅವಳಿಗೆ ಅಳುವೂ ಬಂತು, ನಗುವೂ ಬಂತು. ಹೊಸ್ತಿಲಿಗೊರಗಿ ಸೆರಗಿನ ಧೂಳು ಝಾಡಿಸಿದಳು.

"ಗಾಳೆಮ್ಮ ನನ್ನ ಉಡಿಯೊಳಗೇ ಬರಬೇಕು, ಅವ್ವ ಹೇಳ್ಯಾಳಲ್ಲ. ಆದ್ರ ಕಪಾಟಿನ್ಯಾಗ ಇಡಂಗಿಲ್ಲ. ಜಗಲಿ ಮ್ಯಾಲ ಇರಬೇಕು. ಆಗ್ತೈತೇನ್ರಿ?"

ಅವನಿಗೆ ಮಾತು ಅರ್ಥವಾಗಲು ಕೊಂಚ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಚಪ್ಪಲಿ ಹುಡುಕುವುದು ಬಿಟ್ಟು ಅವಳತ್ತ ತಿರುಗಿದ.

"ನಮ್ಮನಿ ಜಗಲಿ ಮ್ಯಾಲ ದೀಪ ಹಚ್ಚಿ ಭಾಳ ವರ್ಷ ಆತ್ರಿ."

"ಹಂಗಾರ ಎಣ್ಣಿ ತಂದಿಡ್ರಿ," ಎಂದಳು ಶೈಲಶ್ರೀ.