ನಾನೂರ ಹದಿನೇಳನೇ ಶರ್ಟು

"ಶರ್ಟು ಎಲ್ಲಿಗೆ ಹೋಗುತ್ತೆ ಸಾರ್? ಅದಕ್ಕೇನು ಕಾಲಿದೆಯಾ?" ಅಣ್ಣ ಕೌಂಟರಿನಲ್ಲಿ ನಗುತ್ತಿದ್ದ.

"ಕಾಲಿಲ್ಲ, ತೋಳಿದೆ. ಎರಡೂ ಉದ್ದ ತೋಳು. ತಿಳಿನೀಲಿ ಬಣ್ಣ, ನಂಬರ್ ನಾನೂರ ಹದಿನೇಳು," ಎಂದಿತು ಗಿರಾಕಿಯ ದನಿ.

ಪರದೆಯ ಹಿಂದೆ ಇಸ್ತ್ರಿ ಹಿಡಿದು ನಿಂತಿದ್ದ ಪುಟ್ಟಿಗೆ ಮೊದಲು ನಗು ಬಂತು. ಮರುಕ್ಷಣವೇ ಇಸ್ತ್ರಿ ಕೆಳಗಿಟ್ಟಳು. ಆ ಶರ್ಟು ಅವಳ ಕಣ್ಣೆದುರೇ ಬಿದ್ದಿತ್ತು, ಕಾಲರಿನಲ್ಲಿ ಟ್ಯಾಗ್ ಇಲ್ಲದೆ.

ಲಾಂಡ್ರಿ ಎಂದಮೇಲೆ ಪ್ರತಿ ಬಟ್ಟೆಗೂ ಒಂದು ಹಳದಿ ಬಟ್ಟೆಚೂರು, ಅದರ ಮೇಲೊಂದು ನಂಬರು. ಅದು ಹೋಯಿತೋ, ಆ ಬಟ್ಟೆಗೆ ವಾರಸುದಾರರಿಲ್ಲ. ಹದಿನಾಲ್ಕು ವರ್ಷಗಳಲ್ಲಿ ಪುಟ್ಟಿ ಒಂದೇ ಒಂದು ಟ್ಯಾಗನ್ನೂ ಕಳೆದವಳಲ್ಲ. ಆದರೆ ನಿನ್ನೆ ಓದುತ್ತಾ ಕೂತಿದ್ದಾಗ ಅಣ್ಣ ದಿಢೀರನೆ ಕೂಗಿದ್ದ. ಕೈಗೆ ಸಿಕ್ಕಿದ್ದನ್ನು ಪುಸ್ತಕದ ಪುಟಗಳ ನಡುವೆ ಗುರುತಿಗೆ ಇಟ್ಟು ಓಡಿದ್ದಳು. ಆ ಸಿಕ್ಕಿದ್ದೇ ನಾನೂರ ಹದಿನೇಳು.

ಮೂವತ್ತೆರಡು ತುಂಬಿದರೂ ಅವಳು ಪುಟ್ಟಿಯೇ. ಅಪ್ಪ ತೀರಿಕೊಂಡ ಮೇಲೆ ಸಾಕಿದ ಅಣ್ಣ ಒಂದು ದಿನವೂ ಗದರಿದವನಲ್ಲ, ಪಾಪ. "ನೀನು ಹೊರಗೆ ಬರಬೇಡಮ್ಮ, ಕೌಂಟರಿಗೆ ಎಂಥೆಂಥವರೋ ಬರ್ತಾರೆ," ಎನ್ನುತ್ತಿದ್ದ. "ನಿನ್ನ ಕೈಯಿಲ್ಲದೆ ಈ ಅಂಗಡಿ ಒಂದು ದಿನ ನಡೆಯಲ್ಲ," ಎನ್ನುತ್ತಿದ್ದ. ಹಾಗೆನ್ನುತ್ತಲೇ ಮೂರು ಸಂಬಂಧಗಳನ್ನು "ಈ ಸೀಸನ್ ಒಂದು ಮುಗೀಲಿ" ಎಂದು ದಾಟಿಸಿದ್ದ. ಲಾಂಡ್ರಿಗೆ ಸೀಸನ್ ಮುಗಿಯುವುದುಂಟೇ! ಜನ ಬಟ್ಟೆ ಹಾಕುವುದನ್ನು ನಿಲ್ಲಿಸಬೇಕಷ್ಟೆ.

ಹಾಗಾಗಿಯೇ ಅವಳು ಆನ್‌ಲೈನ್ ಓದುಗರ ಬಳಗಕ್ಕೆ ಸೇರಿದ್ದು. ಹಬೆ ತುಂಬಿದ ಕೋಣೆ, ಒಂದು ಟೇಬಲ್ಲು, ಎದುರಿಗೆ ಗೋಡೆ. ಕಿಟಕಿ ಅಂತ ಇದ್ದದ್ದು ಫೋನೊಂದೇ. ಬಳಗದ ನಿಯಮ ಸರಳ: ಎಲ್ಲರೂ ಒಂದೇ ಪುಸ್ತಕ ಓದಬೇಕು, ಪ್ರತಿ ಗುರುವಾರ ತಾವು ನಿಲ್ಲಿಸಿದ ಪುಟದ ಫೋಟೋ ಹಾಕಬೇಕು.

ಈ ಸಲದ ಕಾದಂಬರಿಯಲ್ಲಿ ದೀಪಸ್ತಂಭ ಕಾಯುವವನ ಮಗಳೊಬ್ಬಳು ಗೋಪುರದಿಂದ ಇಳಿದೇ ಬರುವುದಿಲ್ಲ. "ಬಾಗಿಲಿಗೆ ಬೀಗವೇ ಇಲ್ಲ. ಇಳಿದು ಬರೋಕೇನು ಧಾಡಿ ಇವಳಿಗೆ?" ಎಂದು ಬಳಗವೆಲ್ಲ ಬೈಯುತ್ತಿತ್ತು.

ಪುಟ್ಟಿಗೆ ರೇಗಿತ್ತು. "ಬೀಗ ಇದ್ದಿದ್ರೆ ಒಡೀಬಹುದಿತ್ತು. 'ನೀನಿಲ್ಲದೆ ದೀಪ ಉರಿಯಲ್ಲಮ್ಮ' ಅಂತ ಪ್ರೀತಿಯಿಂದ ಹೇಳಿದ್ರೆ ಏನನ್ನ ಒಡೀತೀರಿ?" ಎಂದು ಬರೆದುಬಿಟ್ಟಿದ್ದಳು.

ಹನ್ನೊಂದು ಜನ ಹೃದಯದ ಚಿತ್ರ ಒತ್ತಿ ಸುಮ್ಮನಾದರು. 'ಅರ್ಧ' ಎಂಬ ಹೆಸರಿನವನೊಬ್ಬ ಮಾತ್ರ ಪ್ರತ್ಯೇಕವಾಗಿ ಕೇಳಿದ್ದ: "ಇದು ಕಥೆಯವಳ ವಿಷಯ ತಾನೇ?"

 ಅವಳು, "ನಿಮ್ಮ ಹೆಸರು ಯಾಕೆ ಅರ್ಧ?" ಎಂದು ಮಾತು ಮರೆಸಿದ್ದಳು.

"ಯಾವ ಪುಸ್ತಕದ ಕೊನೇ ಅಧ್ಯಾಯವನ್ನೂ ನಾನು ಓದಲ್ಲ. ಮುಗಿದ ಮೇಲೆ ಒಬ್ಬನೇ ಕೂತಿರೋದು ಬೇಜಾರು."

ಅದಾದ ಮೇಲೆ ಮಾತಿಗೆ ಮಾತು ಸೇರಿತ್ತು. ಇಸ್ತ್ರಿ ಕಾಯುವಷ್ಟು ಹೊತ್ತು ಓದು, ಊಟದ ಬಿಡುವಿನಲ್ಲಿ ಹರಟೆ. ಅವನಿಗೆ ಸಮುದ್ರದ ಕಥೆಗಳೆಂದರೆ ಹುಚ್ಚು, ಆದರೆ ಈಜು ಬಾರದು. ಅವಳಿಗೆ ಪ್ರವಾಸಕಥನಗಳೆಂದರೆ ಪ್ರಾಣ, ಆದರೆ ಎದುರುಗಡೆಯ ಗ್ರಂಥಾಲಯದ ಮೆಟ್ಟಿಲು ಹತ್ತಿಯೂ ವರ್ಷವಾಗಿತ್ತು.

ಶರ್ಟಿನ ಜಗಳ ನಡೆದ ದಿನ ಮಧ್ಯಾಹ್ನ ಅರ್ಧನ ಸಂದೇಶ ಬಂತು: "ಮೇಡಂ, ನಿನ್ನೆ ನೀವು ಬಳಗಕ್ಕೆ ಹಾಕಿದ ಫೋಟೋದಲ್ಲಿ ಪುಟದ ನಡುವೆ ಕಾಣೋದು ನನ್ನ ಶರ್ಟಿನ ಟ್ಯಾಗು, ನಾನೂರ ಹದಿನೇಳು."

ಪುಟ್ಟಿ ಸಂದೇಶವನ್ನು ಎರಡು ಸಲ ಓದಿದಳು. ಹಾಗಾದರೆ ಬೆಳಿಗ್ಗೆ ಬಂದವನು ಅವನೇ! ತೋಳಿದೆ ಎಂದವನು!

"ಕ್ಷಮಿಸಿ. ಇವತ್ತೇ ಕೊಡಿಸ್ತೀನಿ," ಎಂದು ಒತ್ತಿದಳು.

"ಅರ್ಜೆಂಟಿಲ್ಲ. ಪುಸ್ತಕ ಮುಗಿಸಿ. ಆಮೇಲೆ ನೀವೇ ಕೊಡಿ, ಕೈಯಾರೆ."

ಮರುದಿನದಿಂದ ನೋಡಬೇಕಿತ್ತು ಅವನ ವರಸೆ. ಪೇಟೆಯ ಮೂಲೆಯಲ್ಲಿ ಕನ್ನಡಕದ ಅಂಗಡಿ ಅವನದು. ದಿನಕ್ಕೊಂದು ಶರ್ಟು ಹಿಡಿದು ಹಾಜರ್. "ಈ ಮನುಷ್ಯ ದಿನಾ ಮದುವೆಗೆ ಹೋಗ್ತಾನೇನೇ?" ಎಂದು ಅಣ್ಣ ಬಟ್ಟೆ ಒಳಗೆ ಎಸೆಯುತ್ತಿದ್ದ. ಪರದೆಗೂ ಗೋಡೆಗೂ ನಡುವೆ ಎರಡು ಬೆರಳು ಸಂದು. ಅಷ್ಟರಲ್ಲೇ ಅವಳಿಗೆ ಕಾಣುತ್ತಿದ್ದದ್ದು ಒಂದು ಕಿವಿ, ಕನ್ನಡಕದ ಕಡ್ಡಿ, ನಗು ತಡೆಯಲು ಕಚ್ಚಿಕೊಂಡ ಕೆಳತುಟಿ. ಒಂದು ದಿನ ಅವನು ಅಣ್ಣನಿಗೆ ಉತ್ತರಿಸುತ್ತಲೇ ಕಣ್ಣನ್ನು ಸರಿಯಾಗಿ ಆ ಸಂದಿಗೇ ತಿರುಗಿಸಿದ. ಪುಟ್ಟಿ ನಾಚಿ ಹಿಂದೆ ಸರಿದಳು. ಅಷ್ಟರಲ್ಲಿ ಯಾರದೋ ಪ್ಯಾಂಟು ಸುಟ್ಟಿತು.

ಭಾನುವಾರ ನಾಲ್ಕು ಗಂಟೆಗೆ ಬಳಗದವರೆಲ್ಲ ಮೊದಲ ಸಲ ಮುಖಾಮುಖಿ ಸೇರುವುದೆಂದಾಯಿತು. ಎದುರುಗಡೆಯ ಗ್ರಂಥಾಲಯದಲ್ಲಿ ಕೊನೆಯ ಅಧ್ಯಾಯದ ಓದು.

"ಅಣ್ಣಾ, ಭಾನುವಾರ ಸ್ವಲ್ಪ ಹೊರಗೆ ಹೋಗ್ಬೇಕು."

"ಹೋಗಮ್ಮ, ಯಾರು ಬೇಡ ಅಂದ್ರು?" ಅಣ್ಣ ತಲೆ ಸವರಿದ. "ಹೋಟೆಲಿನವರ ಬೆಡ್‌ಶೀಟ್ ಬರ್ತವೆ. ಅದೊಂದು ಮುಗಿಸಿ ಹೋಗು."

ಬೆಡ್‌ಶೀಟುಗಳು ಬಂದವು. ನೂರಾ ಇಪ್ಪತ್ತು. ಭಾನುವಾರ ಬೆಳಿಗ್ಗೆಯಿಂದ ಪುಟ್ಟಿ ತಲೆ ಎತ್ತಲಿಲ್ಲ. ಮೂರೂವರೆಗೆ ನೋಡಿದರೆ ಇನ್ನೂ ನಲವತ್ತು ಉಳಿದಿದ್ದವು. ಇವತ್ತು ನಲವತ್ತು, ನಾಳೆ ಇನ್ನೊಂದು ನಲವತ್ತು. ನಾನು ಇಲ್ಲೇ ಮುದುಕಿಯಾಗುತ್ತೇನೆ ಎಂದುಕೊಂಡಳು. ಬೆಡ್‌ಶೀಟಿನ ಮೇಲೆ ಎರಡು ಹನಿ ಬಿದ್ದವು. ರೂಢಿಬಲದಿಂದ ಅದರ ಮೇಲೂ ಇಸ್ತ್ರಿ ಆಡಿಸಿದಳು. ಚುಸ್ ಎಂದು ಅಳು ಆವಿಯಾಯಿತು.

ಆಗ ಅವಳಿಗೆ ಸಿಟ್ಟು ಬಂತು. ಥೂ, ನನ್ನ ಅಳುವಿಗೂ ಇಸ್ತ್ರಿಯೇ!

ಟೇಬಲ್ಲಿನಡಿ ಬಗ್ಗಿ ಸ್ವಿಚ್ ಆರಿಸಿದಳು. ಪುಸ್ತಕದಿಂದ ಹಳದಿ ಟ್ಯಾಗ್ ತೆಗೆದು ತಿಳಿನೀಲಿ ಶರ್ಟಿನ ಕಾಲರಿಗೆ ಚುಚ್ಚಿದಳು. ಪರದೆ ಸರಿಸಿ ಹೊರಗೆ ಬಂದಳು.

"ಆಗಲೇ ಮುಗೀತಾ?" ಅಣ್ಣ ಕಣ್ಣರಳಿಸಿದ.

"ಇಲ್ಲ. ನಲವತ್ತಿದೆ."

"ಮತ್ತೆ?"

"ಮುಗಿಸಿ ಹೋಗೋಣ ಅಂತ ಹದಿನಾಲ್ಕು ವರ್ಷ ಕಾದೆ ಅಣ್ಣ. ಅದು ಮುಗಿಯಲ್ಲ. ನಾನು ಹೋಗಿ ಬರ್ತೀನಿ." ಅವಳ ಕೈ ಕೌಂಟರಿನ ಹಲಗೆ ಎತ್ತಿತು. ಅದು ಇಷ್ಟು ಹಗುರ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ರಸ್ತೆಯಾಚೆ ಗ್ರಂಥಾಲಯದ ಮೆಟ್ಟಿಲ ಮೇಲೆ ಅವನು ನಿಂತಿದ್ದ, ಬಣ್ಣ ಮಾಸಿದ ಟೀಶರ್ಟಿನಲ್ಲಿ. ಇರುವ ಶರ್ಟೆಲ್ಲ ಇವರ ಅಂಗಡಿಯಲ್ಲೇ ಇದ್ದವಲ್ಲ!

"ಸಾರ್, ನಿಮ್ಮ ಶರ್ಟು," ಎಂದು ಹ್ಯಾಂಗರ್ ಚಾಚಿದಳು.

ಅವನು ಶರ್ಟನ್ನು ನೋಡಲೇ ಇಲ್ಲ. "ಎರಡು ಬೆರಳಷ್ಟೇ ಕಾಣ್ತಿದ್ರಿ ಇಷ್ಟು ದಿನ," ಎಂದ. "ಕೊನೇ ಅಧ್ಯಾಯ ಓದಿದ್ರಾ?"

"ಇಲ್ಲ. ಅವಳು ಇಳಿದು ಬರದೇ ಹೋದ್ರೆ ಅಂತ ಭಯ."

"ನಂಗೂ ಭಯ ಇತ್ತು. ಹತ್ತು ನಿಮಿಷದಿಂದ ನಿಮ್ಮ ಅಂಗಡಿ ಬಾಗಿಲನ್ನೇ ನೋಡ್ತಾ ನಿಂತಿದ್ದೆ." ಅವನ ಕಿವಿ ಕೆಂಪಾಯಿತು. "ನಂಗೆ ಇನ್ಮೇಲೆ ಪುಸ್ತಕ ಪೂರ್ತಿ ಓದೋ ಆಸೆ. ನಿಮ್ಮ ಜೊತೆ ಕೂತು. ಎಲ್ಲ ಪುಸ್ತಕಗಳನ್ನೂ."

ಅವಳು ಬಾಯಿ ತೆರೆಯುವಷ್ಟರಲ್ಲಿ ಅಂಗಡಿಯಿಂದ ಅಣ್ಣನ ಕೂಗು ಬಂತು. "ಪುಟ್ಟೀ! ಈ ಇಸ್ತ್ರಿ ಸ್ವಿಚ್ ಎಲ್ಲಿದೆಯೇ?"

ಅವಳ ಕಾಲು ತಾನಾಗಿಯೇ ಆ ಕಡೆ ತಿರುಗಿತು. ಎದುರಿನವನು ಅವಳ ಕೈ ಹಿಡಿದು ತಡೆಯಲಿಲ್ಲ, ಕಾದ. ಪುಟ್ಟಿ ಒಂದು ಉಸಿರು ಎಳೆದುಕೊಂಡು, ನಿಂತಲ್ಲಿಂದಲೇ ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಟೇಬಲ್ ಕೆಳಗೆ, ಎಡಗಡೆ! ಬಗ್ಗಿ ನೋಡಣ್ಣಾ!"

ಆಮೇಲೆ ಅವನ ಕಡೆ ತಿರುಗಿ, "ನಡೀರಿ," ಎಂದಳು. "ಎಲ್ಲ ಪುಸ್ತಕಗಳನ್ನೂ ಅಂದ್ರಲ್ಲ, ಮೊದಲು ಇದನ್ನ ಮುಗಿಸೋಣ."