ಐದನೇ ಹಾಡಿನಲ್ಲಿ ಅವನ ಹೆಸರು

"ಈ ಹಾಡಿನ್ಯಾಗ ಹೇಳಿದ್ದು ಖರೇನ?"

ಸ್ಟೂಲಿನ ಮೇಲೆ ನಿಂತು ಹಾಲಿನ ಗೋಡೆಗೆ ಚಿತ್ರ ನೇತುಹಾಕುತ್ತಿದ್ದ ವಿಭಾ ತಿರುಗಿ ನೋಡಿದಳು. ಬಾಗಿಲಲ್ಲಿ ಕಾಶಿನಾಥ. ಶನಿವಾರ ಮಧ್ಯಾಹ್ನ, ಕೆಲಸದ ಹೊತ್ತಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಧಾರಾವಿಯಿಂದ ಚೆಂಬೂರಿಗೆ ಬಂದಿದ್ದಾನೆ. ಕೈಯಲ್ಲಿ ಮೊಬೈಲು.

"ಯಾವುದು, ನಿಮ್ಮ ಹೆಸರಿರೋದಾ? ಖರೇನೇ ಮತ್ತೆ," ನಕ್ಕಳು ಅವಳು. "ಮೂರು ತಿಂಗಳು ಕಾರ್ಖಾನೆ ಒಳಗೆ ಬಿಟ್ಕೊಂಡ್ರಿ, ಮಷಿನ್ ಸದ್ದೆಲ್ಲ ರೆಕಾರ್ಡ್ ಮಾಡೋಕೆ ಬಿಟ್ರಿ, ಚಿತ್ರ ಬರೆಯೋಕೆ ತುಂಡು ಚರ್ಮ ಕೊಟ್ರಿ. ಒಂದು ಥ್ಯಾಂಕ್ಸ್ ಹೇಳ್ಬೇಡ್ವಾ?"

"ಥ್ಯಾಂಕ್ಸ್?"

"ಹ್ಞೂಂ. ಸರ್‌ಪ್ರೈಸ್ ಇರಲಿ ಅಂತ..."

ಅವನ ಮುಖದಲ್ಲಿದ್ದ ನಗು ಇಳಿದೇ ಹೋಯಿತು.

"ತೆಗೀರಿ ಆ ಹಾಡು. ಮಂದಿ ಹೆಸರು ಅಂದ್ರ ನಿಮಗ ಬಣ್ಣ ಏನ್ರಿ, ಬೇಕಾದಲ್ಲಿ ಬಳಿಯಾಕ?"

ಅಷ್ಟೇ. ಮೆಟ್ಟಿಲಿಳಿದು ಹೋಗಿಯೇ ಬಿಟ್ಟ.

ತಪ್ಪು ಪೂರ್ತಿ ಇವಳದೇ, ನಾನೇನು ವಕಾಲತ್ತು ವಹಿಸಲ್ಲ. ಆದರೆ ತಪ್ಪೇನು ಅನ್ನೋದೇ ಪಾಪ ಇವಳಿಗೆ ಗೊತ್ತಿಲ್ಲ ನೋಡಿ.

ಮೈಸೂರಿನ ಹುಡುಗಿ. ಮುಂಬೈಗೆ ಬಂದು ಒಂದು ವರ್ಷ. ಯಾವ ಕಂಪನಿಯ ಹಂಗೂ ಇಲ್ಲದೆ ತಾನೇ ಹಾಡು ಕಟ್ಟಿ, ತಾನೇ ಹಾಡಿ, ಪ್ರತಿ ಹಾಡಿಗೂ ಒಂದು ಚಿತ್ರ ಬರೆದು ನೆಟ್ಟಿನಲ್ಲಿ ಹಾಕುತ್ತಿದ್ದಳು. ಈ ಸಲ ಕಾಶಿನಾಥನ ಬ್ಯಾಗ್ ಹೊಲಿಯುವ ಕಾರ್ಖಾನೆಯ ಮೇಲೆ ಐದು ಹಾಡು. ಗುರುವಾರವೇ ಎಲ್ಲ ಹಾಕಿದ್ದಳು. ಭಾನುವಾರ ಸಂಜೆ ಇದೇ ಹಾಲಿನಲ್ಲಿ ಜನರೆದುರು ಹಾಡುವುದಿತ್ತು.

ಐದನೆಯದು ಎಲ್ಲಕ್ಕಿಂತ ಚೆಂದ. ಅದರ ಕೊನೆಯ ಸಾಲು ಹೀಗೆ:

ಸೂಜಿಗೆ ದಾರ ಚೆಂದ, ಚರ್ಮಕ್ಕೆ ಹೊಲಿಗೆ,
ಕಾಶಿನಾಥರ ಹೆಸರೇ ಚೆಂದ ನನ್ನ ನಾಲಿಗೆಗೆ.

'ಇದರಲ್ಲಿ ಸಿಟ್ಟು ಬರೋದು ಏನಿದೆ?'

ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ನಾಲ್ಕು ಸಲ ಫೋನ್ ಮಾಡಿದಳು, ಅವನು ಎತ್ತಲಿಲ್ಲ. ಐದನೇ ಸಲ ಮಾಡುವ ಬದಲು ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಲೋಕಲ್‌ನಲ್ಲಿ ಸೀಟಿದ್ದರೂ ಬಾಗಿಲ ಹತ್ತಿರವೇ ನಿಂತಳು.

ಕಾರ್ಖಾನೆಯಲ್ಲಿ ಅವನಿರಲಿಲ್ಲ. ಬ್ಯಾಗಿಗೆ ಅಸ್ತರು ಅಂಟಿಸುತ್ತಿದ್ದ ಮಲ್ಲವ್ವ ಇವಳನ್ನು ಕಂಡದ್ದೇ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಬಾರವಾ, ನಮ್ಮ ಕಾಶಿನ ಹೆಂಡ್ತಿ."

"ಏನಂದ್ರಿ?"

"ನೀನ ಹಾಡೀಯಲ್ಲ. ಧಾರಾವಿ ತುಂಬಾ ಎಲ್ಲಾರ ಮೊಬೈಲ್‌ನ್ಯಾಗೂ ಅದ ಹಾಡು."

"ಅಲ್ಲ ಮಲ್ಲವ್ವ, ನೀವೇ ಅವತ್ತು ಹೇಳಿದ್ರಲ್ಲ... ಪ್ರಾಸ ಕಟ್ಟಿ, ಕೊನೆಗೆ ಬಸವರಾಜರು ಅಂತ. ನಿಮಗೆ ಉಪಕಾರ ಮಾಡಿದೋರು ಯಾರೋ ಅಂದ್ಕೊಂಡು ನಾನೂ ಹಾಗೇ ಕಟ್ಟಿದೆ."

"ಅಯ್ಯ ಶಿವನ, ಅಂವ ನನ್ನ ಗಂಡ! ಅದು ಒಡಪು ಯವ್ವಾ. ನಾವು ಗಂಡನ ಹೆಸರು ಬರೇ ಹೇಳಂಗಿಲ್ಲ. ನಾಕು ಮಂದಿ ಕೇಳಿದಾಗ ಹಿಂಗ ಒಡಪಿನ್ಯಾಗ ಇಟ್ಟು ಹೇಳತೀವಿ. ನಿಮ್ಮ ಕಡೆ ಇಲ್ಲೇನು?"

ಇಲ್ಲ. ವಿಭಾಳ ಅಮ್ಮ ಅಪ್ಪನನ್ನು ಕರೆಯುತ್ತಿದ್ದದ್ದೇ 'ರೀ' ಅಂತ, ಅದಕ್ಕೆ ಪ್ರಾಸ ಬೇಕಿರಲಿಲ್ಲ.

"ನಾಳೆ ಅಂವ ಸೊಲ್ಲಾಪುರಕ್ಕ ಹೆಣ್ಣು ನೋಡಾಕ ಹೋಗಾವ ಇದ್ದ," ಮಲ್ಲವ್ವನ ನಗು ನಿಂತಿತು. "ನಿನ್ನ ಹಾಡು ಕೇಳಿದ್ದ ತಡ, ಬರಂಗಿಲ್ಲಂತ ಅವರಿಗೆ ಫೋನ್ ಮಾಡಿದ. ಎರಡು ದಿನ ನೆಲದ ಮ್ಯಾಲ ಕಾಲ ಇರಲಿಲ್ಲ ಹುಡುಗಂದು. ಇವತ್ತು ನಿನ್ನ ಕಡೆ ಹೋಗಿ ಬಂದಾವ ಮಾತ ಆಡವಲ್ಲ."

ವಿಭಾಳಿಗೆ ನಿಂತಲ್ಲೇ ಕಣ್ಣು ತುಂಬಿತು. 'ಅವನು ನಂಬಿದ್ದ. ನಾನು ಥ್ಯಾಂಕ್ಸ್ ಅಂದೆ.'

ಇನ್ನೂ ಒಂದು ಮಾತು ಅವಳಿಗೆ ಆಗ ಹೊಳೆಯಿತು. ಮಷಿನ್ ಸದ್ದು ಒಂದೇ ವಾರದಲ್ಲಿ ರೆಕಾರ್ಡ್ ಆಗಿತ್ತು. ಉಳಿದ ಹನ್ನೊಂದು ವಾರ ಯಾಕೆ ಬಂದೆ? ಇಷ್ಟು ದಿನ ಅವಳು ಅದನ್ನು ತನ್ನನ್ನೇ ಕೇಳಿಕೊಂಡಿರಲಿಲ್ಲ, ಜಾಣೆ. ಈಗ ಅವನು ಸೊಲ್ಲಾಪುರಕ್ಕೆ ಹೊರಟುಬಿಟ್ಟರೆ ಅನ್ನೋ ಯೋಚನೆಯಲ್ಲೇ ಅದರ ಉತ್ತರ ಇತ್ತು.

ವಾಪಸ್ ಹೋಗುವ ಲೋಕಲ್‌ನಲ್ಲೇ ಐದನೇ ಹಾಡನ್ನು ತೆಗೆದುಹಾಕಿದಳು.

ಭಾನುವಾರ ನಲವತ್ತು ಜನ ಬಂದಿದ್ದರು. ವಿಭಾ ನಾಲ್ಕು ಹಾಡು ಹಾಡಿದಳು. ಐದನೇ ಚಿತ್ರ ಗೋಡೆಯ ಮೇಲಿತ್ತು, ಅದರ ಹಾಡಿರಲಿಲ್ಲ. ಪ್ರತಿ ಹಾಡಿನ ನಡುವೆ ಅವಳ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ಜನ ಚಪ್ಪಾಳೆ ತಟ್ಟಿ, ಚಿತ್ರ ನೋಡಿ, ಒಬ್ಬೊಬ್ಬರಾಗಿ ಹೊರಟರು.

ಕುರ್ಚಿ ಮಡಚುವಾಗ ನೋಡಿದರೆ ಹಿಂದಿನ ಸಾಲಿನ ಕಂಬದ ಪಕ್ಕ ಕಾಶಿನಾಥ ನಿಂತಿದ್ದ.

"ಐದನೇದು ಹಾಡಲಿಲ್ಲ," ಅಂದ.

"ತೆಗೆದುಬಿಟ್ಟೆ."

"ನಾ ಸಿಟ್ಟಿನ್ಯಾಗ ಅಂದಿದ್ದೆ ರೀ. ಭಾಳ ಛಲೋ ಹಾಡದು. ನನ್ನ ಹೆಸರಷ್ಟ ತೆಗದು ಉಳಿದದ್ದು ಹಾಕ್ರಿ."

"ನಿಮ್ಮ ಸಿಟ್ಟಿಗೆ ಹೆದರಿ ತೆಗೆದಿಲ್ಲ." ಅವಳು ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟಳು. "ಹಾಡಿದಾಗ ನನಗೆ ಒಡಪು ಅಂದ್ರೆ ಗೊತ್ತಿರಲಿಲ್ಲ. ಈಗ ಗೊತ್ತು. ಈಗ ಹಾಡಿದ್ರೆ ಅದು ಥ್ಯಾಂಕ್ಸ್ ಆಗಲ್ಲ, ಕಾಶಿನಾಥ್... ಅದಕ್ಕೇ ಹಾಡಲಿಲ್ಲ. ನಿಮ್ಮನ್ನ ಕೇಳದೆ ಹೇಗೆ ಹಾಡಲಿ?"

ಅವನು ಅವಳಿಟ್ಟ ಕುರ್ಚಿ ಎತ್ತಿ, ಮಡಚಿ, ಗೋಡೆಗೆ ಒರಗಿಸಿದ. ಹೊರಗೆ ರಿಕ್ಷಾಗಳ ಗಲಾಟೆ ನಡೆದೇ ಇತ್ತು.

"ಹಂಗಾರ ಕೇಳ್ರಿ," ಅಂದ ಮೆಲ್ಲಗೆ.

ನಲವತ್ತು ಜನರ ಮುಂದೆ ಹಾಡಿದವಳು ಈಗ ಅವನೊಬ್ಬನೆದುರು ಬಂದು ನಿಂತಳು.

"ನಿಮ್ಮ ಹೆಸರು ಹೇಳಲಾ?"

"ಹೇಳು," ಅಂದ ಕಾಶಿನಾಥ. "ಆದ್ರ ಈ ಸಲ ಮೊದಲ ನನಗ ಹೇಳು. ಮಂದಿ ಆಮ್ಯಾಲ ಕೇಳಲಿ."